ದೈವದ ಹೆಸರಿನಲ್ಲಿ ನಾನು ಹೇಳಿದ ‘ಬೇಡ’

ನನ್ನ ತಮ್ಮ ಬೇಸ್ ಗಿಟಾರ್ ನುಡಿಸುತ್ತಾನೆ. ದಪ್ಪ ತಂತಿಯ, ತಗ್ಗು ದನಿಯ ವಾದ್ಯ ಅದು; ಹಾಡಿನ ತಳದಲ್ಲಿರುತ್ತದೆ, ನನ್ನಂಥವರ ಕಿವಿಗೆ ಬೀಳುವುದಿಲ್ಲ. ಗಣಪತಿ ಮಂಟಪದ ಆರ್ಕೆಸ್ಟ್ರಾಗಳಲ್ಲಿ ಶುರುಮಾಡಿ, ಜಾಝ್ ಫ್ಯೂಷನ್ ತಂಡಗಳಲ್ಲಿ ಹೆಸರು ಮಾಡಿ, ಎರಡು ಸಾವಿರದ ಐದಾರನೇ ಇಸವಿಯ ಹೊತ್ತಿಗೆ ತನ್ನದೇ ಒಂದು ಆಲ್ಬಮ್ ತಂದ. ಅರ್ಧ ರೆಕಾರ್ಡಿಂಗ್ ಠಾಕುರ್ಲಿಯ ನಮ್ಮ ಮನೆಯ ಒಳಕೋಣೆಯಲ್ಲೇ ಆಯಿತು. ಕಿಟಕಿಯಾಚೆ ಲೋಕಲ್ ರೈಲು ಹೋದರೂ ತೊಂದರೆಯಿರಲಿಲ್ಲ; ಬೇಸಿನ ದನಿ ವೈರಿನಲ್ಲೇ ನೇರ ಕಂಪ್ಯೂಟರಿಗೆ ಹೋಗುತ್ತದಂತೆ.

ಸಿ.ಡಿ.ಯನ್ನು ನಾನು ನೌಪಾಡಾದ ನಮ್ಮ ಹೋಟೆಲಿನಲ್ಲಿ ಭಕ್ತಿಗೀತೆ ಹಾಕುವ ಸಣ್ಣ ಪೆಟ್ಟಿಗೆಯಲ್ಲಿ ಹಾಕಿದೆ.

“ಡ್ರಮ್ ಉಂಟು, ಕೀಬೋರ್ಡ್ ಉಂಟು. ನೀನೆಲ್ಲಿ ಮಾರಾಯ?”

“ಈ ಡಬ್ಬಾದಲ್ಲಿ ನಾನು ಸಿಗುದಿಲ್ಲ ಅಣ್ಣ. ಹೆಡ್‌ಫೋನ್ ಹಾಕು.”

“ಆಗ ಗಿರಾಕಿಯ ಮಾತು ಕೇಳುದು ಯಾರು, ನಿನ್ನ ಅಜ್ಜನಾ?”

ಅವನು ನಕ್ಕ. ಹೆಡ್‌ಫೋನನ್ನು ನಾನು ಹಾಕಲೇ ಇಲ್ಲ.

ಆ ಆಲ್ಬಮ್ ಕೇಳಿದ ವಿದೇಶಿ ತಂಡವೊಂದು ಒಂದು ವರ್ಷ ತನ್ನ ಜೊತೆ ನುಡಿಸಲು ಅವನನ್ನು ಕರೆಯಿತು. ತಂದೆ ತೀರಿಕೊಂಡ ಮೇಲೆ ಹೋಟೆಲಿನ ಗಲ್ಲಾದಲ್ಲಿ ಬೆಳಿಗ್ಗೆ ನಾನು, ಮಧ್ಯಾಹ್ನದ ಮೇಲೆ ಅವನು. ಮೆಟ್ರಿಕ್ ಮುಗಿಸಿದ ತಿಂಗಳೇ ನಾನು ಅಲ್ಲಿ ಕುಳಿತವನು. ಗೋಡೆಗೂ ಮಿಠಾಯಿಯ ಗಾಜಿನ ಕಪಾಟಿಗೂ ನಡುವಿನ ಜಾಗ; ಹೊರಗೆ ಬರಲು ಹಲಗೆ ಎತ್ತಬೇಕು. ಅವನು ಹೋದರೆ ಮರಳಿ ಬರುವುದಿಲ್ಲ, ಇಡೀ ದಿನ ನಾನೇ, ಸಾಯುವ ತನಕ ನಾನೇ ಎಂದು ಹೆದರಿದೆ. ಹೊಟ್ಟೆಕಿಚ್ಚೂ ಇತ್ತು. ಅದನ್ನು ಈಗ ಬಚ್ಚಿಡುವುದಿಲ್ಲ.

ಅವನಿಗೂ ನಿರ್ಧಾರ ಆಗಲಿಲ್ಲ. ನಮ್ಮಲ್ಲಿ ಬಿಡಿಸಲಾಗದ ಇಂಥ ಗಂಟನ್ನು ಮನೆಯ ದೈವದ ಮುಂದಿಡುತ್ತಾರೆ. ದೈವ ಪಾತ್ರಿಯ ಮೈಮೇಲೆ ಬರುವ ದರ್ಶನದ ದಿನ ಅವನ ಬಾಯಲ್ಲಿ ಬಂದ ನುಡಿಯನ್ನು ಯಾರೂ ಮೀರುವುದಿಲ್ಲ.

“ಹೇಗೂ ದರ್ಶನಕ್ಕೆ ಊರಿಗೆ ಹೋಗ್ತಿಯಲ್ಲ, ಕೇಳಿ ಬಾ,” ಎಂದ. “ಹೋಗು ಅಂದ್ರೆ ಹೋಗ್ತೇನೆ, ಬೇಡ ಅಂದ್ರೆ ಇಲ್ಲ.”

ಊರಿನ ಮನೆಯ ಚಾವಡಿಯಲ್ಲಿ ಪಾತ್ರಿ ನನ್ನತ್ತ ತಿರುಗಿ, ಕೇಳುವುದೇನಾದರೂ ಇದೆಯೇ ಎಂದ. ‘ಕಳುಹಿಸು’ ಎಂದುಬಿಟ್ಟರೆ? ನಾನು ಕೈಮುಗಿದು, ಏನೂ ಇಲ್ಲ ಎಂದೆ. ಠಾಕುರ್ಲಿಗೆ ಮರಳಿ ಚಪ್ಪಲಿ ಬಿಡುವ ಮೊದಲೇ ತಮ್ಮನಿಗೆ ಹೇಳಿದೆ: “ಬೇಡ ಅಂತ ನುಡಿಯಾಯ್ತು.”

“ಬೇರೆ ಎಂತದೂ ಹೇಳ್ಲಿಲ್ವಾ?”

“ಇಲ್ಲ.”

ಅವನು ಆ ತಂಡಕ್ಕೆ ಆಗುವುದಿಲ್ಲವೆಂದು ಬರೆದ. ಎರಡನೆಯ ಆಲ್ಬಮ್ ಬರಲಿಲ್ಲ. ನನ್ನನ್ನು ಒಂದು ದಿನವೂ ದೂರಲಿಲ್ಲ, ದೈವವನ್ನು ದೂರಿದ. ಊರಿಗೆ ಹೋಗುವುದನ್ನೇ ಬಿಟ್ಟ. ಊರಲ್ಲಿದ್ದ ತಾಯಿ ಹಾಸಿಗೆ ಹಿಡಿದು ಕರೆದಾಗಲೂ, “ಬೇಡ ಅಂದ ಮನೆಗೆ ನಾನ್ಯಾಕೆ ಬರ್ಲಿ?” ಎಂದುಬಿಟ್ಟ. ತಾಯಿ ಅವನನ್ನು ನೋಡದೆಯೇ ಹೋದಳು. ಪ್ರತಿವರ್ಷ ನಾನೊಬ್ಬನೇ ಹೋಗಿ, ನಾನು ಸುಳ್ಳು ಹೊರಿಸಿದ ಆ ದೈವದ ಮುಂದೆಯೇ ಅವನ ಪಾಲಿನ ಪ್ರಸಾದಕ್ಕೂ ಕೈಚಾಚುತ್ತಿದ್ದೆ. ತಂದು ಕೊಟ್ಟರೆ ಅವನು ಮುಟ್ಟುತ್ತಿರಲಿಲ್ಲ.

ಹತ್ತು ವರ್ಷದ ಮೇಲೆ ಹೋಟೆಲಿದ್ದ ಕಟ್ಟಡ, ಕೆಡವಿ ಹೊಸತು ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗಿ ಹೋಟೆಲ್ ಮುಚ್ಚಿತು. ಅವನು ಐರೋಲಿಗೆ ಹೋಗಿ ಬೇಸ್ ಕಲಿಸತೊಡಗಿದ. ಯಾವುದಕ್ಕಾಗಿ ಅವನನ್ನು ಹಿಡಿದಿಟ್ಟಿದ್ದೆನೋ ಅದೇ ಇಲ್ಲವಾದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಅವನಲ್ಲಿಗೆ ಹೋಗಿ, ಎಲ್ಲವನ್ನೂ ಹೇಳಿದೆ. ಅವನು ತಂತಿ ಬದಲಿಸುತ್ತಿದ್ದ.

“ಕೇಳಿಯೇ ಇಲ್ವಾ?”

“ಇಲ್ಲ.”

“ಕೇಳಿದ್ರೆ ದೈವ ಎಂತ ಹೇಳ್ತಿತ್ತು?”

“ನಂಗೆ ಹೇಗೆ ಗೊತ್ತು?”

ಅವನು ತಂತಿಯನ್ನು ಬಿಗಿದು ಒಮ್ಮೆ ಮೀಟಿದ.

“ಇದ್ದ ಸಿಟ್ಟೆಲ್ಲ ಆ ದೈವದ ಮೇಲೆ ಮಾಡಿ ಮುಗಿಸಿದೆ ಅಣ್ಣ. ನಿನ್ನ ಮೇಲೆ ಮಾಡ್ಲಿಕ್ಕೆ ಈಗ ಎಲ್ಲಿಂದ ತರುದು?”

ನಾನು ಎದ್ದೆ.

“ಕೂತ್ಕೋ. ಇದನ್ನು ಚಾವಡಿಯಲ್ಲಿ, ಎಲ್ಲರ ಎದುರು ಹೇಳ್ಬೇಕು ನೀನು.”

“ನಿಂಗೆ ಹೇಳಿದ್ದು ಸಾಲದಾ?”

“ನಂಗೆ ಸಾಕು. ದೈವಕ್ಕೆ ಸಾಲದು. ನಾನೂ ಬರ್ತೇನೆ.”

ಮೊಬೈಲಿನಲ್ಲಿ ಊರಿನ ರೈಲಿಗೆ ಟಿಕೆಟ್ ಹುಡುಕುತ್ತ, ನನ್ನ ಮುಖ ನೋಡದೆ, ಕೆಳಗಿನ ಬರ್ತೇ ಬೇಕಾ ಎಂದು ಕೇಳಿದ. ಬೇಕು ಎಂದೆ.