ಮೊದಲು ನೀರು, ಆಮೇಲೆ ಸುದ್ದಿ

ಅಡೊಮಾಕೊ ಮಾವನ ಹೆಸರು ನನ್ನ ಕಿವಿಗೆ ಬಿದ್ದದ್ದು ನನ್ನ ಗಂಡ ಬೊನ್ಸು ತೀರಿಕೊಂಡ ಮರುದಿನ. ಸಿಡ್ನಿಯಲ್ಲಿ ನಮ್ಮ ಹೆಂಗಸರಿಗೆಲ್ಲ ಜಡೆ ಹೆಣೆಯುತ್ತಿದ್ದ ಸೆರ್ವಾ ಬಂದು ಪಕ್ಕದಲ್ಲಿ ಕೂತಳು. ಬೊನ್ಸುವಿನ ದೇಹವನ್ನು ನಮ್ಮ ದೇಶದ ಕುಮಾಸಿಗೆ, ಅವನ ತಾಯಿಯ ಮಣ್ಣಿಗೆ ಕಳಿಸಬೇಕಾದರೆ ಕ್ಯಾನ್‌ಬೆರಾದ ನಮ್ಮ ರಾಯಭಾರ ಕಚೇರಿಗೇ ಹೋಗಬೇಕೆಂದಳು.

"ರಾಯಭಾರಿಗಳು ಬರ್ತಾರೆ, ಹೋಗ್ತಾರೆ ಅಫ್ರಿಯೆ. ನೀನು ಬಾಗಿಲಲ್ಲಿರೋ ಅಡೊಮಾಕೊ ಮಾವನ್ನ ಹಿಡಿ."

ಬಸ್ಸಿಳಿದಾಗ ಹುಲ್ಲಿನ ಮೇಲೆಲ್ಲ ಹಿಮ ಕೂತಿತ್ತು. ಕಚೇರಿಯ ಕಿಟಕಿಯ ಹಿಂದಿದ್ದ ಹುಡುಗಿ ಏನಾಗಬೇಕಿತ್ತೆಂದು ಮೆತ್ತಗೇ ಕೇಳಿದಳು. ನನ್ನ ನಾಲಗೆ ಹೊರಳಲಿಲ್ಲ. ಬಂದವರನ್ನು ಕೂರಿಸಿ ನೀರು ಕೊಡದೆ ನಮ್ಮಲ್ಲಿ ಸುದ್ದಿ ಕೇಳುವುದಿಲ್ಲ. ಸಾವಿನ ಮಾತಂತೂ ನಿಂತ ಕಾಲಲ್ಲಿ ಆಡುವಂಥದ್ದಲ್ಲ. ಅಷ್ಟರಲ್ಲಿ ಬಾಗಿಲು ಕಾಯುವವರ ನೀಲಿ ಕೋಟು ತೊಟ್ಟ ಕುಳ್ಳನೆಯವರೊಬ್ಬರು ಲೋಟದಲ್ಲಿ ನೀರು ಹಿಡಿದು ಬಂದು, ಕುರ್ಚಿ ಎಳೆದು ಕೂರಿಸಿದರು. ನಾನು ಕುಡಿದು ಮುಗಿಸುವ ತನಕ ಗೋಡೆ ನೋಡುತ್ತಿದ್ದರು. ಆಮೇಲೆ ಊರಿನ ಹಿರಿಯರು ಕೇಳುವ ಹಾಗೇ ಕೇಳಿದರು.

"ಇಲ್ಲಿ ಎಲ್ಲ ಕ್ಷೇಮ ತಾಯಿ. ದಾರಿ ನಡೆದು ಬಂದವಳು ನೀನು. ಏನು ಸುದ್ದಿ?"

ಆಗ ಮಾತು ಬಂತು. ಅಳುವೂ ಬಂತು. ನನ್ನ ಕಾಗದ ಹಿಡಿದುಕೊಂಡು ಅವರೇ ಕೋಣೆಯಿಂದ ಕೋಣೆಗೆ ಓಡಾಡಿದರು. ಬೊನ್ಸು ತಾಯಿಯ ಮಣ್ಣು ಸೇರಿದ. ಆ ಉಪಕಾರ ಇವತ್ತಿಗೂ ನನ್ನ ಎದೆಯಲ್ಲಿ ಬೆಚ್ಚಗಿದೆ.

ರಾಯಭಾರಿಗಳ ಮನೆಯಲ್ಲಿ ಅಡಿಗೆ ಕೆಲಸವನ್ನೂ ಮಾವನೇ ಕೊಡಿಸಿದರು. ಹಾಗಾಗಿ ನಾನು ಸಿಡ್ನಿ ಬಿಟ್ಟೆ. ಒಬ್ಬೊಬ್ಬ ರಾಯಭಾರಿಗೂ ಕಡಲೆಕಾಯಿ ಸಾರು ಮಾಡಿ ಬಡಿಸಿದೆ. ಅವರೆಲ್ಲ ಅಧಿಕಾರ ವಹಿಸಿಕೊಳ್ಳಲು ಬಂದ ದಿನ ಬಾಗಿಲಲ್ಲಿ ಮಾವನ ಲೋಟ ಕಾಯುತ್ತಿತ್ತು. ಹಾಗೆ ರಾಯಭಾರಿಯಾಗಿ ಬಂದ ಉದ್ದಕ್ಕಿದ್ದ ವಕೀಲರೊಬ್ಬರು, ಈ ಕಚೇರಿಯ ರಾಯಭಾರಿ ತಾವೋ ಮಾವನೋ ಎಂದು ಚುಡಾಯಿಸಿದ್ದರು.

"ನೀವೇ ಸ್ವಾಮಿ. ನಾನು ಬರೀ ನೀರು."

ಊರಲ್ಲಿ ಸರ್ಕಾರ ಉರುಳಿದಾಗ ಆ ವಕೀಲರನ್ನೇ ವಾಪಸು ಕರೆಸಿಕೊಂಡರು. ಪೆಟ್ಟಿಗೆ ಹಿಡಿದು ಹೊರಟವರ ಮುಖ ನೋಡಲು ನಮಗೆಲ್ಲ ಭಯ. ಮಾವ ಅವರನ್ನು ಬಾಗಿಲಲ್ಲೇ ಕೂರಿಸಿ, ನೀರು ಕೊಟ್ಟು, ಅದೇ ಆಗ ಬಂದ ನೆಂಟರನ್ನು ಕೇಳಿದಂತೆ ಸುದ್ದಿ ಕೇಳಿದರು. ಅವರು ಬಹಳ ಹೊತ್ತು ಮಾತಾಡಿ, ತಲೆಯೆತ್ತಿ ಹೋದರು.

ಮಾವನಿಗಿದ್ದ ಚಿಂತೆ ಒಂದೇ. ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ; ಗಂಡಸಿಗೆ ಅಕ್ಕತಂಗಿಯರ ಮಕ್ಕಳೇ ಕುಲದವರು. ಹೊರಟ ಜೀವಕ್ಕೆ ಕೊನೆಯ ನೀರು ತಾಯಿಯ ಕಡೆಯವರ ಕೈಯಿಂದ ಆಗಬೇಕು. ಇಲ್ಲಿ ಅವರಿಗೆ ಆ ಕಡೆಯವರು ಯಾರೂ ಇರಲಿಲ್ಲ.

"ಊರಿಗೆಲ್ಲ ನೀರು ಕೊಟ್ಟೋರು ನೀವು. ನಿಮಗೆ ಕೊಡೋರು ಸಿಗಲ್ವಾ?" ಎಂದೆ ಒಮ್ಮೆ.

"ಮಾವ ಅನ್ನೋರು ಕ್ಯಾನ್‌ಬೆರಾ ತುಂಬ ಇದಾರೆ," ಎಂದು ನಕ್ಕರು. "ಅಕ್ಕನ ಮಕ್ಕಳು ಅನ್ನೋಕೆ ಒಬ್ಬರೂ ಇಲ್ಲ."

ನಾನು ಅವರ ಕುಲದವಳಲ್ಲ.

ಅವರು ಆಸ್ಪತ್ರೆ ಸೇರಿದ ಹೊತ್ತಿಗೆ ಹೊಸ ರಾಯಭಾರಿ ಬಂದರು, ನಮ್ಮ ದೇಶದ ಉತ್ತರಕ್ಕಿರುವ ಟಮಾಲೆ ಕಡೆಯ ಹೆಂಗಸು. ಬಾಗಿಲಲ್ಲಿ ಮಾವ ಇಲ್ಲದ್ದು ಕಂಡು, ಹುಡುಕಿಕೊಂಡು ನೇರ ಆಸ್ಪತ್ರೆಗೇ ನಡೆದರು.

"ಮಾವನ ಕೈ ನೀರು ಕುಡೀದೆ ಕುರ್ಚಿ ಮೇಲೆ ಕೂರಬೇಡ ಅಂತ ಹಿಂದಿನೋರು ಹೇಳಿ ಕಳಿಸಿದಾರೆ," ಎಂದರು.

ಮಾವನಿಗೆ ಲೋಟ ಎತ್ತಲಾಗಲಿಲ್ಲ. ನನಗೆ ಸನ್ನೆ ಮಾಡಿದರು. ನಾನು ಕೊಟ್ಟೆ, ರಾಯಭಾರಿ ಕುಡಿದರು, ಮಾವ ಮಲಗಿದಲ್ಲಿಂದಲೇ ಸುದ್ದಿ ಕೇಳಿದರು. ಎಲ್ಲ ಹೇಳಿಯಾದ ಮೇಲೆ ರಾಯಭಾರಿ ನನ್ನನ್ನು ತೋರಿಸಿ, ಇವರು ನಿಮಗೆ ಏನಾಗಬೇಕು ಎಂದು ಮಾವನನ್ನು ವಿಚಾರಿಸಿದರು.

"ಅಕ್ಕನ ಮಗಳು," ಎಂದರು ಮಾವ.

ಅವರು ನನ್ನ ಗಂಡನಿಗೆ ತಾಯಿಯ ಮಣ್ಣು ಕೊಟ್ಟಿದ್ದರು, ನನಗೆ ಅನ್ನ ಕೊಟ್ಟಿದ್ದರು. ಈಗ ಕುಲವನ್ನೂ ಕೊಟ್ಟರು.

ರಾಯಭಾರಿ ಹೊರಟ ಮೇಲೆ ಮಾವ ನನ್ನ ಕೈ ಹಿಡಿದರು.

"ಈಗ ನಂಗೆ ನೀರು ಕೊಡು ಮಗಳೇ. ಕುಡಿದ ಮೇಲೆ, ಏನು ಸುದ್ದಿ ಅಂತ ನೀನೇ ಕೇಳು."