ಬಾಗಿಲಿಲ್ಲದ ಕೋಣೆಯಲ್ಲಿ ಒಂದು ಜೊತೆ ಬೂಟು

ಅರವತ್ತರ ದಶಕದಲ್ಲಿ ನಾನು ಟೋಕಿಯೊದ ಸಿನಿಮಾ ಸ್ಟುಡಿಯೊದಲ್ಲಿ ದೀಪದ ಕೆಲಸ ಮಾಡುತ್ತಿದ್ದಾಗ, ಸೆಟ್ಟು ಒರೆಸುವ ಮಸನೊ ಅಕ್ಕನ ನಾಲಿಗೆಗೆ ಹೆದರದವರೇ ಇರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಬಿಸಿನೀರಿನ ಬುಗ್ಗೆಯ ಊರಿನ ಒಂದು ವಸತಿಗೃಹದಲ್ಲಿ. ಅತಿಥಿಗಳು ಪಾದರಕ್ಷೆ ಬಿಟ್ಟ ಕೂಡಲೇ, ಹೊರಡುವಾಗ ನೇರ ಮೆಟ್ಟಿಕೊಂಡು ಹೋಗಲೆಂದು, ಅವನ್ನು ಬಾಗಿಲಿಗೆ ಮುಖಮಾಡಿ ಜೋಡಿಸುವುದು ಅವಳ ಬಾಲ್ಯದ ಕೆಲಸ. ಯುದ್ಧದಲ್ಲಿ ಮನೆಯೂ ಹೋಯಿತು, ಗಂಡನೂ ಹೋದ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಅಭ್ಯಾಸವೊಂದು ಉಳಿಯಿತು.

ಆ ವರ್ಷ ಶಿಬುಕಾವ ಮೇಷ್ಟ್ರು ನಮಗೊಂದು ಚಿತ್ರಕಥೆ ಬರೆದುಕೊಟ್ಟರು. ಕಾದಂಬರಿಗಳಲ್ಲಿ ಮನುಷ್ಯರನ್ನು ಕೊಡೆ, ಮೆಟ್ಟಿಲು ಮಾಡಿಬಿಡುತ್ತಿದ್ದ ಆಸಾಮಿ. ಈ ಸಲ ಒಬ್ಬ ಗುಮಾಸ್ತ ಬಾಗಿಲೇ ಇಲ್ಲದ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಅವನ ಬೂಟುಗಳು ದಿಕ್ಕಾಪಾಲಾಗಿ ಬಿದ್ದಿರುತ್ತವೆ.

"ಒಳಗೆ ಹೆಂಗೆ ಬಂದ ಮೇಷ್ಟ್ರೇ?" ಎಂದು ಕೇಳಿದೆ.

"ಗೊತ್ತಿದ್ರೆ ಬರೀತಿದ್ನೇನಯ್ಯಾ?" ಎಂದು ನಕ್ಕರು.

ಚಿತ್ರೀಕರಣ ಮುಗಿದು ಸೆಟ್ಟು ಒಡೆದದ್ದೂ ಆಯಿತು. ಆಮೇಲೆ ತೆಗೆದ ದೃಶ್ಯವನ್ನು ಪರದೆಯ ಮೇಲೆ ನೋಡಿದ ನಿರ್ದೇಶಕ ಕುರಿಹಾಶಿ ಕುರ್ಚಿ ಬಿಟ್ಟು ಎದ್ದ. ಬೂಟುಗಳು ಶಿಸ್ತಾಗಿ, ಗೋಡೆಗೆ ಮೂತಿ ತಾಗಿಸಿಕೊಂಡು ಕೂತಿದ್ದವು! ಧೂಳು ಒರೆಸಲು ಹೋದ ಮಸನೊ ಅಕ್ಕನ ಕೈವಾಡ. ಚಿತ್ರೀಕರಣದ ಹೊತ್ತಿಗೆ ನಾವೆಲ್ಲ ಅಲ್ಲೇ ಇದ್ದೆವು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಜೋಡಿಸಿಟ್ಟ ಬೂಟು ನಮ್ಮ ಜನಕ್ಕೆ ತಪ್ಪಾಗಿ ಕಾಣುವುದಾದರೂ ಹೇಗೆ?

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!" ಎಂದು ಕುರಿಹಾಶಿ ಅಕ್ಕನನ್ನು ಕರೆಸಿ ಕೂಗಾಡಿದ.

ಕೆಲಸ ಹೋದರೆ ಅಕ್ಕನಿಗೆ ಅನ್ನವಿಲ್ಲ. ತಲೆ ತಗ್ಗಿಸಿದಳು, ನಾಲಿಗೆ ಮಾತ್ರ ತಗ್ಗಲಿಲ್ಲ. "ಬರಲ್ಲ ಬಿಡಿ ಸ್ವಾಮಿ. ಆದ್ರೂ ಪಾಪ, ಎದ್ದವನು ಮನೆಗೆ ಹೋಗ್ಬೇಡ್ವಾ?"

ಅಲ್ಲೇ ಕೂತು ಚಿತ್ರ ನೋಡಿದ್ದ ಮೇಷ್ಟ್ರು ಸಿಗರೇಟು ಆರಿಸಿದರು. "ಅದು ಹಂಗೇ ಇರ್ಲಿ ಕುರಿಹಾಶಿ. ಬಾಗಿಲಿಲ್ದೆ ಇದ್ರೂ ಹೊರಡೋಕೆ ರೆಡಿ ಇರೋನು! ನಂಗೆ ಹೊಳೀಲೇ ಇಲ್ವಲ್ಲೋ. ಇವ್ರು ಬರಲ್ಲ ಅಂದ್ರೆ ನಾನೂ ಬರಲ್ಲ."

ಅಕ್ಕ ಉಳಿದಳು. ಅಂದಿನಿಂದ ಮೇಷ್ಟ್ರನ್ನೂ ಬಿಡಲಿಲ್ಲ. "ಬರೆಯೋದು ಬಂದ್ರೆ ಸಾಲ್ದು ಮೇಷ್ಟ್ರೇ, ಬೂಟು ಬಿಚ್ಚೋದೂ ಬರ್ಬೇಕು" ಎಂದು ಗೊಣಗುತ್ತಾ, ಅವರು ಒದ್ದುಬಿಟ್ಟ ಬೂಟುಗಳನ್ನು ಪ್ರತಿಸಲ ತಿರುಗಿಸಿಡುತ್ತಿದ್ದಳು. ಅವರೋ, ಬೈಸಿಕೊಳ್ಳಲೆಂದೇ ಇನ್ನಷ್ಟು ದೂರ ಒದೆಯುತ್ತಿದ್ದರು.

ಮೇಷ್ಟ್ರು ತೀರಿಕೊಂಡಾಗ ಅವರ ಮನೆಬಾಗಿಲ ತುಂಬ ಬಂದವರ ಬೂಟುಗಳು. ಅಕ್ಕ ಕೂತು ಒಂದೊಂದನ್ನೇ ತಿರುಗಿಸಿದಳು. ಕೊನೆಗೆ ಮೂಲೆಯಲ್ಲಿ ಮೇಷ್ಟ್ರ ಸವೆದ ಬೂಟುಗಳು ಸಿಕ್ಕವು, ಒಂದು ಅತ್ತ, ಒಂದು ಇತ್ತ. ಕಪ್ಪು ಕಿಮೋನೊದ ತೋಳಿನಿಂದಲೇ ಅವನ್ನು ಒರೆಸಿ, ಬಾಗಿಲಿಗೆ ಮುಖಮಾಡಿ ಇಟ್ಟಳು.

"ಹೋಗಿ ಬನ್ನಿ ಮೇಷ್ಟ್ರೇ" ಎಂದಳು.

ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆಗ ಅತ್ತುಬಿಟ್ಟೆ.