ಬಸ್ಸಾರು ಬಿಟ್ಟ ಮೇಲೆ

ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಸಂಜೆ ಅಂಗನವಾಡಿಯಿಂದ ಬಂದು ಕಳಚಿದರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿದಿತ್ತು. ಬೆರಳಿಂದ ಒತ್ತಿದೆ. ಒತ್ತಿದ ಜಾಗ ಮೇಲೇಳಲಿಲ್ಲ. ನಿಂತು ನಿಂತು ಊದಿದೆ ಎಂದುಕೊಂಡು ಸುಮ್ಮನಾದೆ. ಆಮೇಲೆ ಮುಖ ಊದಿತು. ಊಟ ಸೇರದಾಯಿತು. ಮಕ್ಕಳಿಗೆ ಹಾಡು ಹೇಳಿಕೊಡುವಾಗ ಎರಡನೇ ಸಾಲಿಗೇ ಉಸಿರು ಸಾಲದೆ ಕೂತುಬಿಡುತ್ತಿದ್ದೆ. ರಾವಂದೂರಿನ ಡಾಕ್ಟರು ಬಿಪಿ ನೋಡಿ, ಯಂತ್ರವನ್ನೇ ಅನುಮಾನಿಸಿ, ಇನ್ನೊಂದು ತೋಳಿಗೆ ಕಟ್ಟಿ ನೋಡಿದರು. ಆಮೇಲೆ ಮೈಸೂರಿಗೆ ಬರೆದುಕೊಟ್ಟರು.

ಎರಡೂ ಕಿಡ್ನಿ ಮುಕ್ಕಾಲು ಪಾಲು ಹೋಗಿದ್ದವು.

"ಹೋದದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಕಾಪಾಡ್ಕೊಂಡ್ರೆ ಡಯಾಲಿಸಿಸ್‌ನ ಸಾಕಷ್ಟು ಮುಂದೂಡಬಹುದು" ಎಂದರು ಮೈಸೂರಿನ ಡಾಕ್ಟರು. ಅವರ ಕೋಣೆಯ ಎದುರಿಗೇ ಡಯಾಲಿಸಿಸ್ ವಾರ್ಡು. ಬಾಗಿಲು ತೆರೆದಾಗಲೆಲ್ಲ ಮಲಗಿದವರ ತೋಳಿನಿಂದ ಕೆಂಪು ಕೊಳವೆಗಳು ಹೊರಟು ಯಂತ್ರಕ್ಕೆ ಹೋಗುವುದು ಕಾಣುತ್ತಿತ್ತು. ಆ ಹಾಸಿಗೆಗೆ ನಾನು ಹೋಗುವುದಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ. ಹಟಮಾರಿ ಎಂಬ ಹೆಸರು ನನಗೆ ತವರಿನಲ್ಲೂ ಇತ್ತು, ಗಂಡನ ಮನೆಯಲ್ಲೂ ಇದೆ. ಈಗಲಾದರೂ ಅದು ಉಪಯೋಗಕ್ಕೆ ಬರಲಿ ಎಂದುಕೊಂಡೆ.

ಊಟದ ಪಥ್ಯ ಹೇಳಿದವಳು ಡಯಟಿಷಿಯನ್, ಬೆಳಗಾವಿ ಕಡೆಯ ಹುಡುಗಿ. ಉಪ್ಪು ಕಡಿಮೆ ಮಾಡಿ ಎಂದಳು. ತಲೆಯಾಡಿಸಿದೆ. ಎಳನೀರು ಬೇಡ, ಬಾಳೆಹಣ್ಣು ಬೇಡ ಎಂದಳು. ಅದಕ್ಕೂ ತಲೆಯಾಡಿಸಿದೆ.

"ಸೊಪ್ಪು ಬೇಡ" ಎಂದಳು.

ಊರಿನ ಬಸುರಿ ಬಾಣಂತಿಯರಿಗೆಲ್ಲ "ಸೊಪ್ಪು ತಿನ್ರಮ್ಮ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು ನಾನು. ನನ್ನ ತವರು ಕೃಷ್ಣರಾಜನಗರದ ಕಡೆ, ನಾಲೆ ಬಯಲಿನ ಭತ್ತದ ಊರು. ಅಲ್ಲಿ ನನಗೆ ಗೊತ್ತಿದ್ದದ್ದು ಸಂತೆಯ ದಂಟು, ಮೆಂತ್ಯ, ಅಷ್ಟೇ. ಮದುವೆಯಾಗಿ ಈ ಒಣ ಹೊಲಗಳ ಊರಿಗೆ ಬಂದ ಮೊದಲ ಮಳೆಗಾಲದಲ್ಲಿ ಅತ್ತೆ ನನ್ನನ್ನು ರಾಗಿ ಹೊಲಕ್ಕೆ ಕರೆದುಕೊಂಡು ಹೋಗಿ ಸಾಲಿನ ನಡುವೆ ಕೂರಿಸಿದರು. "ಇದು ಅಣ್ಣೆಸೊಪ್ಪು, ಇದು ಗೋಣಿಸೊಪ್ಪು, ಇದು ಹೊನಗೊನೆ. ಇದು ದನಕ್ಕೆ. ಇದ ಮಾತ್ರ ಮುಟ್ಬ್ಯಾಡ ಕಣಮ್ಮಿ" ಎಂದು ಒಂದೊಂದನ್ನೇ ಚಿವುಟಿ ಮೂಸಿಸಿದರು. ಯಾರೂ ಬಿತ್ತದ, ಯಾರೂ ನೀರು ಹಾಯಿಸದ ಇಷ್ಟೆಲ್ಲ ಊಟ ಕಾಲಡಿಯಲ್ಲೇ ಇದೆಯೆಂದು ತಿಳಿದು ನನಗೆ ಹುಚ್ಚೇ ಹಿಡಿಯಿತು. ಅಂದಿನಿಂದ ಮಡಿಲಲ್ಲಿ ಬೆರಕೆ ಸೊಪ್ಪಿಲ್ಲದೆ ಹೊಲದಿಂದ ಮನೆಗೆ ಬಂದವಳಲ್ಲ.

ನನ್ನ ಮುಖ ನೋಡಿ ಆ ಹುಡುಗಿಗೆ ಕನಿಕರವಾಯಿತೇನೋ. "ತಿನ್ಲೇಬೇಕು ಅನ್ಸಿದ್ರೆ ಚೆನ್ನಾಗಿ ಕುದಿಸಿ, ನೀರು ಬಸಿದು, ಒಂದು ಹಿಡಿ ತಿನ್ನಿ" ಎಂದಳು.

ಜೊತೆಗೆ ಬಂದಿದ್ದ ಅತ್ತೆ ನಕ್ಕೇಬಿಟ್ಟರು. "ಬಸೀದೆ ಇನ್ನೇನವ್ವ ಮಾಡೀವು? ನಾವು ಬಸ್ದೇ ತಿನ್ನೋದು."

ಖುಷಿಯಿಂದ ಮನೆಗೆ ಬಂದೆವು. ನಮ್ಮ ಕಡೆ ಸೊಪ್ಪನ್ನು ಕಾಳಿನ ಜೊತೆ ಬೇಯಿಸುತ್ತಾರೆ, ಬಸಿಯುತ್ತಾರೆ, ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಅದಕ್ಕೆ ಮಸಾಲೆ ರುಬ್ಬಿ ಹಾಕಿದರೆ ಬಸ್ಸಾರು. ಕಟ್ಟು ಚೆಲ್ಲುವ ಹೆಂಗಸನ್ನು ನಾನಂತೂ ಕಂಡಿಲ್ಲ. ಅತ್ತೆ ಪ್ರತಿದಿನ ಪಲ್ಯವನ್ನು ನನಗೆ ಒಂದು ಹಿಡಿಯಷ್ಟೇ ಬಡಿಸಿದರು, ಡಯಟಿಷಿಯನ್ ಹೇಳಿದಂತೆ. ಬಸ್ಸಾರನ್ನು ಮಾತ್ರ ಸೌಟುಗಟ್ಟಲೆ ಹಾಕಿದರು. ಸೊಪ್ಪಿನ ಸತ್ವವೆಲ್ಲ ಅದರಲ್ಲೇ ಇರುವುದು, ಸೊಸೆಗೆ ರಕ್ತ ಬರಲಿ ಎಂದು.

ಸತ್ವ ಅದರಲ್ಲೇ ಇತ್ತು. ಕೆಟ್ಟ ಕಿಡ್ನಿ ಹೊರಹಾಕಲಾರದ, ಎದೆಬಡಿತವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಕೂಡ.

ಒಂದು ಬೆಳಿಗ್ಗೆ ಕಾಲು ಎತ್ತಲಾಗಲಿಲ್ಲ. ಎದೆ ಬಡಿಯುವುದನ್ನು ಮರೆತು ಮತ್ತೆ ನೆನಪಿಸಿಕೊಂಡು ಬಡಿಯುತ್ತಿತ್ತು. ನಮ್ಮ ಯಜಮಾನರು ಪಕ್ಕದ ಮನೆಯ ಕಾರು ಕೇಳಿ ತಂದು, ಹುಣಸೂರಿನಲ್ಲೂ ನಿಲ್ಲಿಸದೆ ಮೈಸೂರಿಗೆ ಓಡಿಸಿದರು. ಈಸಿಜಿ ಮಾಡಿದ ನರ್ಸ್ ಕಾಗದವನ್ನು ಹಿಡಿದು ಓಡಿದಳು. ಇಂಜೆಕ್ಷನ್ನು, ಡ್ರಿಪ್ಪು, ಕುತ್ತಿಗೆಗೆ ಸೂಜಿ.

ಹೋಗುವುದಿಲ್ಲ ಎಂದಿದ್ದ ಆ ಹಾಸಿಗೆಯಲ್ಲೇ ಮಲಗಿದ್ದೆ.

ಮರುದಿನ ಡಯಟಿಷಿಯನ್ ಬಂದು ಕೇಳಿದಳು, "ಸೊಪ್ಪು ತಿಂದ್ರಾ?"

"ಬಸಿದೇ ತಿಂದೆ."

"ಬಸಿದ ನೀರು?"

"ಸಾರು ಮಾಡಿದ್ವಿ."

ಅವಳು ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. "ಆ ನೀರು ಚೆಲ್ಲಿ ಅಂತ ನಾನೂ ಹೇಳಲಿಲ್ಲ" ಎಂದಳು. ನನಗೆ ನಗು ಬಂತು, ಕೋಪವೂ ಬಂತು, ಬೈಯಲು ಮಾತ್ರ ಯಾರೂ ಸಿಗಲಿಲ್ಲ. ಪೊಟ್ಯಾಸಿಯಂ ಇಳಿಯಿತು. ಡಾಕ್ಟರು ಕುತ್ತಿಗೆಯ ಕೊಳವೆ ತೆಗೆಸಿ, "ಈ ಸಲ ಒಂದೇ ಡಯಾಲಿಸಿಸ್‌ಗೆ ಮುಗೀತು. ಮತ್ತೆ ಹೀಗಾದ್ರೆ ಏನೂ ಹೇಳೋಕಾಗಲ್ಲ" ಎಂದು ಕಳಿಸಿದರು.

ಮನೆಗೆ ಬಂದರೆ ಅತ್ತೆ ಸೊಪ್ಪು ತರುವುದನ್ನೇ ನಿಲ್ಲಿಸಿದ್ದರು. "ನನ್ ಕೈಯ್ಯಾರೆ ಇಕ್ಬುಟ್ನಲ್ಲಾ ಕಣಮ್ಮಿ" ಎಂದು ಒಮ್ಮೆ ಅತ್ತರು, ಅಷ್ಟೇ. ಆಮೇಲೆ ಉಪ್ಪಿನಕಾಯಿಯಲ್ಲಿ ಮುದ್ದೆ ನುಂಗಿ ಏಳತೊಡಗಿದರು. ಅದನ್ನು ನೋಡುವುದು ನನಗೆ ಕಾಯಿಲೆಗಿಂತ ಕಷ್ಟವಾಯಿತು. ಆ ವಾರ್ಡಿಗೂ ಮತ್ತೆ ಹೋಗಬಾರದು, ಸೊಪ್ಪೂ ಮನೆ ಬಿಟ್ಟು ಹೋಗಬಾರದು ಎಂದು ಹಟ ಹಿಡಿದೆ. ಯಜಮಾನರಿಂದ ಒಂದಿಷ್ಟು ಗೋಣಿಸೊಪ್ಪು ತರಿಸಿ, ಉಪ್ಪು ಹಾಕದೆ, ದೊಡ್ಡ ಪಾತ್ರೆ ತುಂಬ ನೀರಲ್ಲಿ ಕುದಿಸಿದೆ. ಬಸಿದು, ಕಟ್ಟನ್ನು ಅತ್ತೆಯ ಕೈಗೆ ಕೊಟ್ಟು "ಚೆಲ್ಲಿ" ಎಂದೆ.

ಅತ್ತೆ ಬಚ್ಚಲಿನ ಬಳಿ ಹೋದರು. ಪಾತ್ರೆ ಬಗ್ಗಿಸಲು ಕೈ ಬರಲಿಲ್ಲ. ಕೊನೆಗೆ "ಯಾವ್ದಾರ ಗಿಡಕ್ಕಾರ ಉಯ್ಯಣ ಕಣಮ್ಮಿ, ಮೋರಿಗೆ ಬ್ಯಾಡ" ಎಂದರು. ಆರಿದ ಮೇಲೆ ಅದನ್ನು ಕಿಟಕಿಯಲ್ಲಿ ಒಣಗಿ ನಿಂತಿದ್ದ ಮನಿ ಪ್ಲಾಂಟಿನ ಬುಡಕ್ಕೆ ಸುರಿದೆವು.

ನಮ್ಮ ಮನೆಯೊಳಗೆ ಗಿಡಗಳು ಬಂದದ್ದು ಹೀಗೆ. ಕಟ್ಟು ಜಾಸ್ತಿ, ಗಿಡ ಒಂದೇ. ಇನ್ನೊಂದು ಬೇಕಾಯಿತು. ಗುರುಪುರದ ಟಿಬೆಟನ್ ಕ್ಯಾಂಪಿನ ಬಳಿ ಇರುವ ನಾದಿನಿ ಅಲ್ಲಿಯ ಮನೆಯೊಂದರಿಂದ ಕೆಂಪು ಹೂವಿನ ಜೆರೇನಿಯಂ ಕಡ್ಡಿ ಬೇಡಿ ತಂದಳು. ಎಣ್ಣೆ ಡಬ್ಬಿಗೆ ತೂತು ಹೊಡೆದು ನೆಟ್ಟೆ. ಬಿಸಿಲಲ್ಲಿ ಹೊಲಕ್ಕೆ ನಡೆಯುವ ಶಕ್ತಿ ನನಗಿರಲಿಲ್ಲ. ಹೊಲವನ್ನೇ ಒಳಗೆ ತಂದರಾಯಿತು ಎಂದು ಹೊನಗೊನೆ, ಗೋಣಿಸೊಪ್ಪು, ಒಂದೆಲಗವನ್ನೂ ಬೇರು ಸಮೇತ ತರಿಸಿ ಕುಂಡಕ್ಕೆ ಹಾಕಿದೆ. "ಅಲ್ಲ ಕಣೆ, ಕೂಲಿ ಕೊಟ್ಟು ಕೀಳ್ಸೋ ಕಳೆಗೆ ಕುಂಡ ಇಡ್ತೀಯಲ್ಲ!" ಎಂದು ಯಜಮಾನರು ಬಂದವರಿಗೆಲ್ಲ ಹೇಳಿ ನಗಾಡಿದರು. ಗೋಣಿಸೊಪ್ಪು ಹಳದಿ ಹೂ ಬಿಡುತ್ತದೆಂದು ಇಷ್ಟು ವರ್ಷ ಕಿತ್ತು ತಿಂದ ನಾನು ಗಮನಿಸಿರಲಿಲ್ಲ. ಬಿಸಿಲೇರಿದಾಗ ಅರಳಿ, ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ವಾಂತಿ ಬರುವ ಬೆಳಗುಗಳಲ್ಲಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಆ ಹೂ ಬಿಚ್ಚುವುದನ್ನು ಕಾಯುತ್ತೇನೆ. ತಿನ್ನಲಾಗದಿದ್ದರೇನು, ನಾನು ನೆಟ್ಟದ್ದು ಚಿಗುರಿದರೆ ನನಗೆ ಸಂತೋಷವಾಗುತ್ತದೆ. ಅತ್ತೆ ಮಾತ್ರ ನನ್ನ ಒಂದು ಹಿಡಿ ಪಲ್ಯಕ್ಕೆಂದು ಚಿಗುರು ಕಂಡಲ್ಲೆಲ್ಲ ಚಿವುಟುತ್ತಿದ್ದರು. ಚಿವುಟಿದಷ್ಟೂ ಗಿಡ ದಟ್ಟವಾಯಿತು.

ಮೊನ್ನೆ ಮೈಸೂರಿಗೆ ಹೋಗಿದ್ದೆವು. ಡಾಕ್ಟರು ರಿಪೋರ್ಟಿನಲ್ಲಿ ಕಿಡ್ನಿ ಎಷ್ಟು ಕೆಟ್ಟಿದೆಯೆಂದು ಹೇಳುವ ಅಂಕಿ ನೋಡಿ, "ಕ್ರಿಯಾಟಿನಿನ್ ಅಲ್ಲೇ ನಿಂತಿದೆ" ಎಂದರು.

"ನಿಂತದೆ ಅಂದ್ರೆ ಒಳ್ಳೇದಾ ಸಾಮಿ?" ಅತ್ತೆ ಕೇಳಿದರು.

"ಈ ಕಾಯಿಲೆಯಲ್ಲಿ ನಿಲ್ಲೋದೇ ಗೆಲ್ಲೋದು ಅಜ್ಜಿ."

ಯಾವತ್ತೋ ಒಂದು ದಿನ ಆ ವಾರ್ಡು ತಪ್ಪಲಿಕ್ಕಿಲ್ಲ, ನನಗೆ ಗೊತ್ತು. ಅಲ್ಲಿಯವರೆಗಿನ ದಿನಗಳು ನನ್ನವು. ಅಂದು ಸಂಜೆ ಕುಂಡದ ಸೊಪ್ಪು, ಹೊಲದ ಸೊಪ್ಪು ಸೇರಿಸಿ, ಹುರುಳಿಕಾಳು ಹಾಕಿ, ಅತ್ತೆ ಬಿಟ್ಟೇಬಿಟ್ಟಿದ್ದ ಬಸ್ಸಾರನ್ನು ಅವರಿಗೆಂದು ನಾನೇ ಮಾಡಿದೆ. ಮನೆಯೆಲ್ಲ ಘಮ್ಮೆಂದಿತು. ಅತ್ತೆಯ ತಟ್ಟೆಗೆ ಬಿಸಿ ಮುದ್ದೆ ಇಟ್ಟು, ಮೇಲೆ ಸಾರು ಬಿಟ್ಟೆ.

"ನಿನ್ ಮುಂದೆ ಎಂಗಮ್ಮಿ ಉಣ್ಣಲಿ?"

"ಉಣ್ಣದಿದ್ರೆ ನಾನೂ ನಾಳೆಯಿಂದ ಮಾತ್ರೆ ನುಂಗಲ್ಲ ಅತ್ತೆ."

ಅವರು ನನ್ನನ್ನೇ ನೋಡಿದರು. ನಾನು ಹಾಗೆ ಮಾಡಿಯೇ ಬಿಡುವವಳು ಎಂದು ಅವರಿಗೆ ಗೊತ್ತು. ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ ನುಂಗಿದರು. ಕಣ್ಣು ಒರೆಸಿಕೊಂಡರು. ಇನ್ನೊಂದು ತುತ್ತು ನುಂಗಿ ಮುಖ ಸಿಂಡರಿಸಿದರು.

"ಉಪ್ಪೇ ಇಲ್ವಲ್ಲಮ್ಮಿ. ಇದೇನ್ ಸಾರಾ?"

ಅಷ್ಟು ತಿಂಗಳಾದ ಮೇಲೆ ಅತ್ತೆ ಮೊದಲಿನ ಹಾಗೆ ನನ್ನ ಅಡುಗೆಯಲ್ಲಿ ಕೊಂಕು ತೆಗೆದಿದ್ದರು. ಅನ್ನದ ಪಕ್ಕದಲ್ಲಿ ನನ್ನ ಒಂದು ಹಿಡಿ ಪಲ್ಯ ಇಟ್ಟುಕೊಂಡು ಕೂತಿದ್ದವಳು ಜೋರಾಗಿ ನಗುತ್ತಾ ಎದ್ದು ಹೋಗಿ ಉಪ್ಪಿನ ಡಬ್ಬ ತಂದು ಅವರ ಮುಂದಿಟ್ಟೆ.